ರಸ್ತೆಯ ಕಾರು, ಪಂದ್ಯದ ಕಾರು ಮತ್ತು ವೆಚ್ಚದ ಲೆಕ್ಕ

ಮೋಟಾರು ಪಂದ್ಯಗಳೆಂದರೆ ಶ್ರೀಮಂತರ ಶೋಕಿ, ಕಾರು ತಯಾರಕರ ಪಾಲಿಗೆ ಅದು ಜಾಹೀರಾತಿನ ಬಾಬ್ತಿನಲ್ಲಿ ಖರ್ಚು ಬರೆಯಬೇಕಾದ ಐಷಾರಾಮ ಎಂಬ ಅಭಿಪ್ರಾಯ ವ್ಯಾಪಾರ ವಲಯದಲ್ಲಿ ಸಾಮಾನ್ಯವಾಗಿದೆ. ಅನೇಕ ಕಂಪನಿಗಳ ವಿಷಯದಲ್ಲಿ ಈ ಮಾತು ನಿಜವೂ ಹೌದು. ಅಪಾರ ಹಣವನ್ನು ಪಂದ್ಯದ ಕಣಕ್ಕೆ ಸುರಿದು, ಕೆಲವು ವರ್ಷಗಳ ನಂತರ ಸದ್ದಿಲ್ಲದೆ ಹಿಂದೆ ಸರಿದ ತಯಾರಕರ ಪಟ್ಟಿ ಚಿಕ್ಕದೇನಲ್ಲ. ಆದರೆ ಪಂದ್ಯದ ಕಾರನ್ನು ಜಾಹೀರಾತೆಂದು ನೋಡದೆ, ಬೆಲೆ ಕಟ್ಟಿ, ಬಿಲ್ಲು ಬರೆದು, ಬಿಡಿಭಾಗಗಳ ಸಮೇತ ಮಾರುವ ಸರಕೆಂದು ನೋಡಿದ ಕಂಪನಿಯೂ ಒಂದಿದೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪೋರ್ಷೆ ಕಂಪನಿಯು ತನ್ನ 911 ಮಾದರಿಯ ರಸ್ತೆ ಕಾರಿನಿಂದ ಗ್ರಾಹಕರಿಗಾಗಿ ಪಂದ್ಯದ ಕಾರುಗಳನ್ನು ರೂಪಿಸಿದ ಕಥೆ ಯಂತ್ರಶಾಸ್ತ್ರದ ಕಥೆಯಾಗಿರುವಷ್ಟೇ ವೆಚ್ಚ ನಿಯಂತ್ರಣದ ಕಥೆಯೂ ಆಗಿದೆ. ಸಣ್ಣ ಕೈಗಾರಿಕೆಯ ಮಾಲೀಕರು ಅದನ್ನು ಈ ಎರಡನೆಯ ದೃಷ್ಟಿಯಿಂದ ಓದುವುದು ಲಾಭದಾಯಕ.

ಪಂದ್ಯದ ಕಾರುಗಳಲ್ಲಿ ಎರಡು ಬಗೆ. ಮೊದಲನೆಯದು ಕಾರ್ಖಾನೆಯು ತನ್ನ ಸ್ವಂತ ತಂಡಕ್ಕಾಗಿ ಮಾಡಿಕೊಳ್ಳುವ ಕಾರು. ಅದರ ಸಂಖ್ಯೆ ಕೈಬೆರಳೆಣಿಕೆಯಷ್ಟು. ಅದರ ಖರ್ಚೆಲ್ಲ ಕಾರ್ಖಾನೆಯದೇ. ಎರಡನೆಯದು ಹಣ ಕೊಟ್ಟು ಕೊಳ್ಳುವ ತಂಡಗಳಿಗೆ ಮತ್ತು ಹವ್ಯಾಸಿ ಚಾಲಕರಿಗೆ ಮಾರುವ ಕಾರು. ಇದನ್ನು ಗ್ರಾಹಕ ಪಂದ್ಯದ ಕಾರು ಎನ್ನಬಹುದು. ಮೊದಲನೆಯದರಲ್ಲಿ ಗೆಲುವೊಂದೇ ಅಳತೆಗೋಲು. ಎರಡನೆಯದರಲ್ಲಿ ಗೆಲುವಿನ ಜೊತೆಗೆ ಬೆಲೆ, ಬಾಳಿಕೆ, ರಿಪೇರಿಯ ಸೌಲಭ್ಯ, ಬಿಡಿಭಾಗಗಳ ಲಭ್ಯತೆ ಇವೆಲ್ಲವೂ ಅಳತೆಗೋಲುಗಳು. ಪೋರ್ಷೆ ಈ ಎರಡೂ ದಾರಿಗಳಲ್ಲಿ ನಡೆದು ನೋಡಿದ ಕಂಪನಿಯಾದ್ದರಿಂದ ಹೋಲಿಕೆಗೆ ಬೇರೆ ಊರಿಗೆ ಹೋಗಬೇಕಾಗಿಲ್ಲ.

ದುಬಾರಿಯ ದಾರಿ

1969ರಲ್ಲಿ ಪೋರ್ಷೆ 917 ಎಂಬ ಪಂದ್ಯದ ಕಾರನ್ನು ತಯಾರಿಸಿತು. ಆ ವರ್ಗದಲ್ಲಿ ಭಾಗವಹಿಸಲು ಕನಿಷ್ಠ 25 ಕಾರುಗಳು ತಯಾರಾಗಿರಬೇಕೆಂಬ ನಿಯಮವಿತ್ತು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ 25 ಕಾರುಗಳನ್ನೂ ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಪಾಸಕರಿಗೆ ತೋರಿಸಲಾಯಿತು. ಒಂದೊಂದರ ಬೆಲೆ 1,40,000 ಜರ್ಮನ್ ಮಾರ್ಕ್. ಹನ್ನೆರಡು ಸಿಲಿಂಡರುಗಳ ಆ ಯಂತ್ರಕ್ಕೂ ಕಂಪನಿಯ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಯಾವ ಕಾರಿಗೂ ನೇರ ಸಂಬಂಧವಿರಲಿಲ್ಲ. 1970 ಮತ್ತು 1971ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಪಂದ್ಯವನ್ನು ಗೆದ್ದು ಅದು ಚರಿತ್ರೆಯಲ್ಲಿ ಸ್ಥಾನ ಪಡೆಯಿತು. ಆದರೆ 1972ರಿಂದ ನಿಯಮ ಬದಲಾಯಿತು. ಯಂತ್ರದ ಗಾತ್ರದ ಮಿತಿ 3 ಲೀಟರಿಗೆ ಇಳಿದು, ಆ ವಿಶ್ವ ಪಂದ್ಯಾವಳಿಯ ಬಾಗಿಲು 917ಕ್ಕೆ ಮುಚ್ಚಿತು. ನಿಯಮ ರೂಪಿಸುವವರ ಒಂದು ಸಹಿಯಿಂದ ಅಷ್ಟು ದೊಡ್ಡ ಹೂಡಿಕೆಯ ಮಾರುಕಟ್ಟೆಯೇ ಕಿರಿದಾಯಿತು. ಅಮೆರಿಕದ ಬೇರೊಂದು ಸರಣಿಯಲ್ಲಿ ಅದಕ್ಕೆ ಇನ್ನಷ್ಟು ಕಾಲ ಜೀವ ಸಿಕ್ಕಿತೆಂಬುದು ಬೇರೆ ಮಾತು.

ಆ ವೇಳೆಗೆ ಕಂಪನಿಯ ಆಡಳಿತವೂ ಬದಲಾಗುತ್ತಿತ್ತು. 1972ರಲ್ಲಿ ಒಡೆತನದ ಕುಟುಂಬಗಳು ದಿನನಿತ್ಯದ ಆಡಳಿತದಿಂದ ಹಿಂದೆ ಸರಿದವು. ಹೊಣೆ ಹೊತ್ತ ಅರ್ನ್ಸ್ಟ್ ಫುಹ್ರ್‌ಮಾನ್ ಸ್ವತಃ ಯಂತ್ರಗಳ ವಿನ್ಯಾಸಕಾರರು. ಪಂದ್ಯದಲ್ಲಿ ಕಂಪನಿ ಭಾಗವಹಿಸುವುದಾದರೆ ಗ್ರಾಹಕನು ಕೊಳ್ಳಬಲ್ಲ 911 ಕಾರಿನಿಂದಲೇ ಭಾಗವಹಿಸಬೇಕು ಎಂಬುದು ಅವರ ನಿಲುವಾಗಿತ್ತು. ಈ ನಿಲುವಿನಿಂದ ಹುಟ್ಟಿದ್ದು 911 ಕರೇರಾ ಆರ್‌ಎಸ್ 2.7.

500ರ ಅಂಜಿಕೆ, 1,580ರ ಮಾರಾಟ

ಪಂದ್ಯದ ನಿಯಮದಂತೆ ಮಾನ್ಯತೆ ದೊರೆಯಬೇಕಾದರೆ ಇಂಥ ಕಾರುಗಳು ಕನಿಷ್ಠ 500 ತಯಾರಾಗಬೇಕಿತ್ತು. ಒಳಗೆ ಆಡಂಬರವಿಲ್ಲದ, ಸದ್ದು ಜಾಸ್ತಿಯಿರುವ, ಹಿಂಭಾಗದಲ್ಲಿ ಬಾತುಕೋಳಿಯ ಬಾಲದಂತೆ ಎದ್ದು ನಿಂತ ತಗಡಿರುವ ಕಾರನ್ನು 500 ಜನ ಕೊಳ್ಳುವರೇ ಎಂದು ಮಾರಾಟ ವಿಭಾಗದವರಿಗೆ ಸಂದೇಹವಿತ್ತು. ಈ ಸಂದೇಹವನ್ನು ಹೇಡಿತನವೆಂದು ಹಳಿಯುವಂತಿಲ್ಲ. ಮಾರಾಟವಾಗದ ಸರಕು ಗೋದಾಮಿನಲ್ಲಿ ಉಳಿದರೆ ಅದರ ಬಡ್ಡಿ ಕಟ್ಟುವವರು ಯಾರು ಎಂದು ಕೇಳುವುದು ಮಾರಾಟ ವಿಭಾಗದ ಧರ್ಮ.

1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಕಾರು ಬಿಡುಗಡೆಯಾಯಿತು. ನವೆಂಬರ್ ಮುಗಿಯುವುದರೊಳಗೆ 500ಕ್ಕೂ ಗಿರಾಕಿಗಳು ಸಿಕ್ಕಿದ್ದರು. 1973ರ ಜುಲೈ ವೇಳೆಗೆ ಒಟ್ಟು 1,580 ಕಾರುಗಳು ತಯಾರಾದವು. ಯೋಜನೆಯ ಮೂರು ಪಟ್ಟಿಗಿಂತಲೂ ಹೆಚ್ಚು. ಸಂಖ್ಯೆ 1,000 ದಾಟಿದ್ದರಿಂದ ಇನ್ನೊಂದು ವರ್ಗದ ಪಂದ್ಯಗಳಿಗೂ ಮಾನ್ಯತೆ ದೊರೆಯಿತು.

ಈ 1,580ರ ವಿಂಗಡಣೆಯನ್ನು ಪ್ರತಿಯೊಬ್ಬ ತಯಾರಕನೂ ಮನಸ್ಸಿಟ್ಟು ನೋಡಬೇಕು. ಅದರಲ್ಲಿ 1,308 ಕಾರುಗಳು ಟೂರಿಂಗ್ ಆವೃತ್ತಿಯವು, ಅಂದರೆ ನಿತ್ಯದ ಓಡಾಟಕ್ಕೆ ಒಗ್ಗುವಂತೆ ಒಳಗಿನ ಅನುಕೂಲಗಳನ್ನು ಉಳಿಸಿಕೊಂಡವು. 200 ಕಾರುಗಳು ಹಗುರವಾದ ಸ್ಪೋರ್ಟ್ ಆವೃತ್ತಿಯವು. 17 ಕಾರುಗಳು ಮಾನ್ಯತೆಯ ತಪಾಸಣೆಗೆಂದು ಮಾಡಿದ ಮೂಲ ರೂಪದವು. ಅಪ್ಪಟ ಪಂದ್ಯದ ಕಾರುಗಳು ಕೇವಲ 55. ಎಂದರೆ ಪಂದ್ಯದ ಕಾರಿನ ಹೆಸರಿನಲ್ಲಿ ಕೈಗೊಂಡ ಅಭಿವೃದ್ಧಿ ವೆಚ್ಚದ ಭಾರವನ್ನು ಬಹುಪಾಲು ಹೊತ್ತವರು ಪಂದ್ಯಕ್ಕೆ ಎಂದೂ ಹೋಗದ ಗ್ರಾಹಕರು. 55 ಕಾರುಗಳ ಮೇಲೆ ಬೀಳಬೇಕಾಗಿದ್ದ ಹೊರೆ 1,580ರ ಮೇಲೆ ಹಂಚಿಕೆಯಾಯಿತು. ಇಡೀ ಯೋಜನೆ ಲೆಕ್ಕದಲ್ಲಿ ನಿಂತದ್ದು ಈ ಹಂಚಿಕೆಯ ಬಲದ ಮೇಲೆ.

ಬೆಲೆ ನಿಗದಿಯಲ್ಲಿಯೂ ಒಂದು ಜಾಣ್ಮೆಯಿತ್ತು. ಮೂಲ ಬೆಲೆ 34,000 ಮಾರ್ಕ್. ಸ್ಪೋರ್ಟ್ ಆವೃತ್ತಿ ಬೇಕಾದವರು 700 ಮಾರ್ಕ್, ಟೂರಿಂಗ್ ಬೇಕಾದವರು 2,500 ಮಾರ್ಕ್ ಹೆಚ್ಚು ಕೊಡಬೇಕಿತ್ತು. ಒಂದೇ ಮೂಲ ಸರಕು. ಅದರ ಮೇಲೆ ಗ್ರಾಹಕನ ಅಗತ್ಯಕ್ಕೆ ತಕ್ಕ ಸೇರ್ಪಡೆ. ಪ್ರತಿ ಸೇರ್ಪಡೆಗೂ ಪ್ರತ್ಯೇಕ ದರ. ಗಿರಾಕಿ ಕೇಳಿದ ಬದಲಾವಣೆಯನ್ನೆಲ್ಲ 'ಸಂಬಂಧ ಕೆಡಬಾರದು' ಎಂದು ಹಳೆಯ ದರದಲ್ಲಿಯೇ ಮಾಡಿಕೊಡುವ ತಯಾರಕರಿಗೆ ಇದು ಐವತ್ತು ವರ್ಷ ಹಳೆಯದಾದರೂ ಹೊಸ ಪಾಠವೇ.

ಬದಲಿಸಿದ್ದೇನು, ಉಳಿಸಿದ್ದೇನು

ಅಭಿವೃದ್ಧಿ ಎಂದೊಡನೆ ಎಲ್ಲವನ್ನೂ ಹೊಸದಾಗಿ ಮಾಡಬೇಕೆಂಬ ಹುಮ್ಮಸ್ಸು ಎಂಜಿನಿಯರುಗಳಿಗೆ ಸಹಜ. ಆರ್‌ಎಸ್ ತಯಾರಿಕೆಯಲ್ಲಿ ಆ ಹುಮ್ಮಸ್ಸಿಗೆ ಕಡಿವಾಣವಿತ್ತು. ಆಗ ಮಾರಾಟದಲ್ಲಿದ್ದ 2.4 ಲೀಟರಿನ 911 ಎಸ್ ಕಾರೇ ಇದಕ್ಕೆ ಆಧಾರ. ಯಂತ್ರದ ಸಿಲಿಂಡರಿನ ವ್ಯಾಸವನ್ನು 84 ಮಿ.ಮೀ.ನಿಂದ 90 ಮಿ.ಮೀ.ಗೆ ಹಿಗ್ಗಿಸಲಾಯಿತು, ಪಿಸ್ಟನ್ನಿನ ಓಟದ ಉದ್ದವನ್ನು ಮುಟ್ಟಲಿಲ್ಲ. ಸಿಲಿಂಡರಿನ ಒಳಮೈಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪ ಕೊಟ್ಟಿದ್ದರಿಂದ, ಹೊರಗಿನ ಅಳತೆ ಬದಲಾಗದೆಯೇ ಒಳಗಿನ ಜಾಗ ಹೆಚ್ಚಿಸುವುದು ಸಾಧ್ಯವಾಯಿತು. ಗಾತ್ರ 2,341 ಘನ ಸೆಂ.ಮೀ.ನಿಂದ 2,687ಕ್ಕೇರಿತು, ಶಕ್ತಿ 190ರಿಂದ 210 ಅಶ್ವಶಕ್ತಿಗೆ ಏರಿತು.

ಉಳಿದ ಲಾಭವೆಲ್ಲ ತೂಕ ಇಳಿಸುವುದರಿಂದ ಬಂದದ್ದು. ತೆಳುವಾದ ತಗಡು, ತೆಳುವಾದ ಗಾಜು, ಬಾಗಿಲಿನ ಹಿಡಿಯ ಬದಲು ಒಂದು ಪಟ್ಟಿ, ಹಿಂದಿನ ಆಸನಗಳಿಗೆ ವಿದಾಯ. ಸ್ಪೋರ್ಟ್ ಆವೃತ್ತಿಯ ತೂಕ 960 ಕಿ.ಗ್ರಾಂ.ಗೆ ಇಳಿಯಿತು, ಟೂರಿಂಗ್ 1,075 ಕಿ.ಗ್ರಾಂ. ಇತ್ತು. ಹಿಂದಿನ ಗಾಲಿಗಳನ್ನು ಮುಂದಿನವುಗಳಿಗಿಂತ ಒಂದು ಅಂಗುಲ ಅಗಲ ಮಾಡಲಾಯಿತು. ವೇಗದಲ್ಲಿ ಹಿಂಭಾಗ ನೆಲ ಬಿಟ್ಟು ಮೇಲೇಳುವ ಪ್ರವೃತ್ತಿಯನ್ನು ತಡೆಯಲು ಆ ಪ್ರಸಿದ್ಧ ಬಾತುಕೋಳಿ ಬಾಲವನ್ನು ಜೋಡಿಸಲಾಯಿತು. ಅದು ಅಲಂಕಾರಕ್ಕೆಂದು ಹುಟ್ಟಿದ್ದಲ್ಲ, ಗಾಳಿಯ ಒತ್ತಡದ ಲೆಕ್ಕಕ್ಕೆಂದು ಹುಟ್ಟಿದ್ದು. ಆದರೂ ಕಾಲಕ್ರಮದಲ್ಲಿ ಅದೇ ಆ ಕಾರಿನ ಗುರುತಾಯಿತು. ಕಾರ್ಯಕ್ಕಾಗಿ ಮಾಡಿದ ವೆಚ್ಚವೇ ಕೊನೆಗೆ ಜಾಹೀರಾತಿನ ಕೆಲಸವನ್ನೂ ಮಾಡಿತೆಂಬುದು ಗಮನಾರ್ಹ.

ಈ ಆಧಾರದ ಮೇಲೆ ಕಟ್ಟಿದ ಪಂದ್ಯದ ಕಾರು ಕರೇರಾ ಆರ್‌ಎಸ್‌ಆರ್. ಸಿಲಿಂಡರಿನ ವ್ಯಾಸ ಮತ್ತೆ 2 ಮಿ.ಮೀ. ಹಿಗ್ಗಿ ಗಾತ್ರ 2.8 ಲೀಟರಾಯಿತು, ಶಕ್ತಿ ಸುಮಾರು 300 ಅಶ್ವಶಕ್ತಿಗೆ ಏರಿತು. 1973ರ ಫೆಬ್ರವರಿಯಲ್ಲಿ ಅಮೆರಿಕದ ಡೇಟೋನಾದಲ್ಲಿ ನಡೆದ 24 ಗಂಟೆಗಳ ಪಂದ್ಯವನ್ನು ಪೀಟರ್ ಗ್ರೆಗ್ ಮತ್ತು ಹರ್ಲಿ ಹೇವುಡ್ ಜೋಡಿ ಈ ಕಾರಿನಲ್ಲಿ ಗೆದ್ದಿತು. ಅದೇ ವರ್ಷ ಇಟಲಿಯ ಸಿಸಿಲಿ ದ್ವೀಪದ ಟಾರ್ಗಾ ಫ್ಲೋರಿಯೋ ಪಂದ್ಯವೂ ಇದರದಾಯಿತು. ಪಂದ್ಯಕ್ಕೆಂದೇ ಹುಟ್ಟಿದ, ಅದಕ್ಕಿಂತ ಎಷ್ಟೋ ದುಬಾರಿಯಾದ ಕಾರುಗಳು ದಾರಿಯಲ್ಲಿ ಕೆಟ್ಟು ನಿಂತಾಗ, ರಸ್ತೆಯ ಕಾರಿನ ಮಗನು ಗುರಿ ಮುಟ್ಟಿದ್ದನು.

ಗಂಟೆಯ ಲೆಕ್ಕದ ಸರಕು

ಇದು ಒಂದು ಬಾರಿಯ ಅದೃಷ್ಟವಾಗಿ ಉಳಿಯಲಿಲ್ಲ. 1986ರಲ್ಲಿ 944 ಟರ್ಬೊ ಕಾರುಗಳಿಗಾಗಿ, 1990ರಲ್ಲಿ 911 ಕಾರುಗಳಿಗಾಗಿ ಜರ್ಮನಿಯಲ್ಲಿ ಏಕಮಾದರಿ ಪಂದ್ಯ ಸರಣಿಗಳು ಆರಂಭವಾದವು. ಎಲ್ಲ ಸ್ಪರ್ಧಿಗಳಿಗೂ ಒಂದೇ ಬಗೆಯ ಕಾರು. ಗೆಲ್ಲುವುದು ಚಾಲಕನ ಕೈಚಳಕ. 1993ರಿಂದ ಫಾರ್ಮುಲಾ ಒನ್ ಪಂದ್ಯಗಳ ಜೊತೆಜೊತೆಗೆ ಸೂಪರ್‌ಕಪ್ ಸರಣಿ ನಡೆಯತೊಡಗಿತು. ಈ ಕಪ್ ಕಾರುಗಳು ನಾಲ್ಕು ಸಾವಿರಕ್ಕೂ ಹೆಚ್ಚು ಮಾರಾಟವಾಗಿವೆ. ಪಂದ್ಯದ ಕಾರುಗಳ ಲೋಕದಲ್ಲಿ ಇದು ಅಸಾಧಾರಣ ಸಂಖ್ಯೆ.

ಈ ಸಂಖ್ಯೆಯ ಹಿಂದಿರುವ ಗುಟ್ಟು ತಯಾರಿಕೆಯ ಜಾಗದಲ್ಲಿದೆ. ಕಪ್ ಕಾರಿಗೆ ಪ್ರತ್ಯೇಕ ಕಾರ್ಖಾನೆಯಿಲ್ಲ. ಸ್ಟುಟ್‌ಗಾರ್ಟಿನ ತ್ಸುಫೆನ್‌ಹಾಸನ್ ಬಡಾವಣೆಯಲ್ಲಿರುವ ಕಾರ್ಖಾನೆಯಲ್ಲಿ, ರಸ್ತೆಯ 911 ಕಾರುಗಳು ಸಾಗುವ ಅದೇ ಜೋಡಣಾ ಸಾಲಿನಲ್ಲಿ ಇದೂ ಸಾಗುತ್ತದೆ. ಪಂದ್ಯಕ್ಕೆ ಬೇಕಾದ ಕೊನೆಯ ಹೊಂದಾಣಿಕೆ ಮತ್ತು ಪರೀಕ್ಷೆ ಮಾತ್ರ ವೈಸಾಕ್‌ನ ಪಂದ್ಯ ವಿಭಾಗದಲ್ಲಿ. ಹೀಗಾಗಿ ಕಟ್ಟಡ, ಯಂತ್ರೋಪಕರಣ, ಮೇಲ್ವಿಚಾರಣೆ ಇವುಗಳ ಸ್ಥಿರ ವೆಚ್ಚ ಆಗಲೇ ರಸ್ತೆ ಕಾರುಗಳ ತಲೆಯ ಮೇಲಿದೆ. ಪಂದ್ಯದ ಕಾರು ಹೊರಬೇಕಾದದ್ದು ತನ್ನ ಪಾಲಿನ ಹೆಚ್ಚುವರಿಯನ್ನು.

2020ರ ಡಿಸೆಂಬರಿನಲ್ಲಿ ಪ್ರಕಟವಾದ 911 ಜಿಟಿ3 ಕಪ್ ಕಾರನ್ನು ನೋಡಬಹುದು. 4 ಲೀಟರಿನ, ಆರು ಸಿಲಿಂಡರುಗಳ ಯಂತ್ರ, 510 ಅಶ್ವಶಕ್ತಿ, ತೂಕ ಸುಮಾರು 1,260 ಕಿ.ಗ್ರಾಂ.; ಆಗಿನ ಬೆಲೆ ತೆರಿಗೆ ಬಿಟ್ಟು 2,25,000 ಯೂರೊ. ಈ ಅಂಕಿಗಳಿಗಿಂತ ಮುಖ್ಯವಾದ ಅಂಕಿಯೊಂದು ಅದರ ಜೊತೆಯಲ್ಲಿ ಪ್ರಕಟವಾಯಿತು. ಪಂದ್ಯದ ಓಟದಲ್ಲಿ 100 ಗಂಟೆಗಳಿಗೊಮ್ಮೆ ಮಾತ್ರ ಯಂತ್ರದ ತಪಾಸಣೆ ಮತ್ತು ನಿರ್ವಹಣೆ ಸಾಕು ಎಂಬುದೇ ಅದು. ರಸ್ತೆ ಕಾರಿನ ಗ್ರಾಹಕ ಕಿಲೋಮೀಟರಿನ ಲೆಕ್ಕ ಇಡುತ್ತಾನೆ. ಪಂದ್ಯದ ಕಾರಿನ ಗ್ರಾಹಕ ಗಂಟೆಯ ಲೆಕ್ಕ ಇಡುತ್ತಾನೆ. ಒಂದು ಗಂಟೆ ಓಡಲು ತಗಲುವ ಟೈರು, ಬ್ರೇಕು, ಇಂಧನ, ಯಂತ್ರದ ಸವಕಳಿ ಎಷ್ಟೆಂಬುದೇ ಅವನ ಪ್ರಶ್ನೆ. ತಯಾರಕನು ಆ ಪ್ರಶ್ನೆಗೆ ಬೆಲೆಪಟ್ಟಿಯ ಪಕ್ಕದಲ್ಲಿಯೇ ಉತ್ತರ ಇಟ್ಟನು.

2025ರಲ್ಲಿ ಪ್ರಕಟವಾದ ಅದರ ಮುಂದಿನ ಆವೃತ್ತಿಯಲ್ಲಿ ಕಾರಿನ ಮುಂಭಾಗದ ಕೆಳತುಟಿಯನ್ನು ಒಂದೇ ತುಂಡಿನ ಬದಲು ಮೂರು ತುಂಡುಗಳಲ್ಲಿ ಮಾಡಲಾಯಿತು. ಏಕಮಾದರಿ ಪಂದ್ಯಗಳಲ್ಲಿ ಕಾರುಗಳು ಒಂದಕ್ಕೊಂದು ಉಜ್ಜುವುದು ನಿತ್ಯದ ಮಾತು. ಒಂದು ಮೂಲೆ ಮುರಿದರೆ ಆ ತುಂಡನ್ನಷ್ಟೇ ಬದಲಿಸಿದರಾಯಿತು. ಬಿಡಿಭಾಗ ಮಾರಿ ಲಾಭ ಮಾಡುವ ಕಂಪನಿಯೇ ಗ್ರಾಹಕನ ಬಿಡಿಭಾಗದ ಖರ್ಚು ತಗ್ಗಿಸಲು ಯೋಚಿಸಿದ್ದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಪಂದ್ಯದ ತಂಡವೊಂದು ಖರ್ಚು ತಾಳಲಾರದೆ ಕಣ ಬಿಟ್ಟರೆ ಬಿಡಿಭಾಗದ ಗಿರಾಕಿಯೂ ಹೋದಂತೆಯೇ. ಹಸು ಬದುಕಿದ್ದರೆ ತಾನೇ ಹಾಲು?

ಎಲ್ಲರೂ ಸಮಾನರಾದಾಗ ಮಾರುವುದೇನನ್ನು?

2006ರಲ್ಲಿ ಆರಂಭವಾದ ಜಿಟಿ3 ಎಂಬ ವರ್ಗದಲ್ಲಿ ಪೋರ್ಷೆಗೆ ಪೈಪೋಟಿಯಾಗಿ ಹಲವು ತಯಾರಕರ ಗ್ರಾಹಕ ಕಾರುಗಳಿವೆ. ಇಲ್ಲಿನ ನಿಯಮ ವ್ಯಾಪಾರಿಗಳ ಕುತೂಹಲ ಕೆರಳಿಸುವಂಥದು. ಯಾವುದೇ ಕಾರು ಹೆಚ್ಚು ವೇಗವಾಗಿದೆ ಎಂದು ಕಂಡರೆ ಸಂಘಟಕರು ಅದಕ್ಕೆ ತೂಕ ಸೇರಿಸುತ್ತಾರೆ, ಇಲ್ಲವೇ ಯಂತ್ರಕ್ಕೆ ಹೋಗುವ ಗಾಳಿಯನ್ನು ಕಡಿಮೆ ಮಾಡುತ್ತಾರೆ. ಸಾಮರ್ಥ್ಯದ ಸಮತೋಲನ ಎಂದು ಇದಕ್ಕೆ ಹೆಸರು. ಎಂದರೆ ಹೆಚ್ಚಿನ ವೇಗವನ್ನು ಮಾರಿ ಮೇಲುಗೈ ಪಡೆಯುವ ದಾರಿ ಇಲ್ಲಿ ಬಹುಮಟ್ಟಿಗೆ ಮುಚ್ಚಿದೆ.

ಹಾಗಾದರೆ ತಯಾರಕನು ಏನನ್ನು ಮಾರಬೇಕು? 2022ರಲ್ಲಿ ಪ್ರಕಟವಾದ 911 ಜಿಟಿ3 ಆರ್ ಕಾರು ಇದಕ್ಕೆ ಕೊಟ್ಟ ಉತ್ತರ ಸ್ವಾರಸ್ಯಕರ. ಯಂತ್ರದ ಗಾತ್ರ 4 ಲೀಟರಿನಿಂದ 4.2 ಲೀಟರಿಗೆ ಏರಿತು. ಶಕ್ತಿ 565 ಅಶ್ವಶಕ್ತಿಯವರೆಗೆ. ಗರಿಷ್ಠ ಶಕ್ತಿಗೆ ಹೇಗೂ ಕಡಿವಾಣ ಬೀಳುವುದರಿಂದ ಈ ಬದಲಾವಣೆಯ ಉದ್ದೇಶ ಅದಾಗಿರಲಿಲ್ಲ. ಯಂತ್ರದ ಎಲ್ಲ ವೇಗಗಳಲ್ಲಿಯೂ ಶಕ್ತಿ ನಯವಾಗಿ ಹರಿಯುವಂತಾಗಿ, ವೃತ್ತಿಪರನಲ್ಲದ ಚಾಲಕನಿಗೂ ಕಾರು ಸುಲಭವಾಗಿ ಹಿಡಿತಕ್ಕೆ ಸಿಗಬೇಕೆಂಬುದು ಉದ್ದೇಶ. ಏಕೆಂದರೆ ಇಂಥ ತಂಡಗಳಲ್ಲಿ ಅನೇಕ ಬಾರಿ ಹಣ ಹಾಕುವವನೂ ಚಾಲಕನ ಆಸನದಲ್ಲಿ ಕುಳಿತುಕೊಳ್ಳುತ್ತಾನೆ. ಕಾರಿನ ತಳದಲ್ಲಿ ಗಾಳಿ ಸಾಗಲು ಜಾಗ ದೊರಕಿಸಲು ಯಂತ್ರವನ್ನು 5.5 ಡಿಗ್ರಿ ಓರೆಯಾಗಿ ಕೂರಿಸಲಾಯಿತು. ದೀರ್ಘ ಪಂದ್ಯಗಳಲ್ಲಿ ಮುರಿದ ಭಾಗಗಳನ್ನು ಬೇಗ ಬದಲಿಸಲು ಅನುಕೂಲ ಕಲ್ಪಿಸಲಾಯಿತು. ಆಗ ಇದರ ಬೆಲೆ ತೆರಿಗೆ ಬಿಟ್ಟು 5,67,000 ಯೂರೊ ಇತ್ತು. ಇದರ ಹಿಂದಿನ ಪೀಳಿಗೆಯ ಕಾರು 2018ರಲ್ಲಿ ಪ್ರಕಟವಾದಾಗ ಬೆಲೆ 4,59,000 ಯೂರೊ ಇತ್ತು.

ಸರ್ಕಾರಿ ಟೆಂಡರುಗಳಲ್ಲಿ ಭಾಗವಹಿಸುವ ಸಣ್ಣ ತಯಾರಕರಿಗೆ ಈ ಪರಿಸ್ಥಿತಿ ಅಪರಿಚಿತವೇನಲ್ಲ. ಎಲ್ಲರ ಸರಕೂ ಒಂದೇ ಗುಣಮಟ್ಟದ ಮುದ್ರೆ ಹೊತ್ತಿರುತ್ತದೆ. ನಿರ್ದಿಷ್ಟ ವಿವರಣೆಗಿಂತ ಒಳ್ಳೆಯದನ್ನು ಕೊಟ್ಟರೂ ಹೆಚ್ಚಿನ ಬೆಲೆ ದೊರೆಯದು. ಅಂಥ ಕಡೆ ಬೆಲೆ ಇಳಿಸುವುದೊಂದೇ ದಾರಿ ಎಂಬ ನಂಬಿಕೆ ಬೇರೂರಿದೆ. ಸರಕು ಕೆಟ್ಟಾಗ ಎಷ್ಟು ಹೊತ್ತಿನಲ್ಲಿ ಸರಿಪಡಿಸಿಕೊಡುತ್ತಾರೆ, ಬಿಡಿಭಾಗ ಕೈಗೆ ಸಿಗುವಂತಿದೆಯೇ, ಬಳಸುವವನಿಗೆ ಸುಲಭವಾಗಿದೆಯೇ ಎಂಬ ಅಂಶಗಳು ಮುಂದಿನ ಖಾಸಗಿ ಆರ್ಡರನ್ನು ತರುತ್ತವೆ ಎಂಬುದನ್ನು ಜಿಟಿ3 ವರ್ಗದ ಅನುಭವ ತೋರಿಸಿಕೊಡುತ್ತದೆ.

ಆಕ್ಷೇಪಗಳು

ಇದೆಲ್ಲ ಹೆಸರಾಂತ ಕಂಪನಿಗೆ ಸಾಧ್ಯ, ಸಣ್ಣವರಿಗಲ್ಲ ಎಂಬ ಆಕ್ಷೇಪ ಬರುವುದು ಸಹಜ. ಆದರೆ ಹೆಸರು ಮತ್ತು ಬಂಡವಾಳ ಎರಡೂ ಇದ್ದಾಗಲೂ ಈ ಶಿಸ್ತನ್ನು ಮೀರಿದ ಸಂದರ್ಭದಲ್ಲಿ ಅದೇ ಕಂಪನಿ ಎಡವಿತೆಂಬುದನ್ನು ಮರೆಯಬಾರದು. 1991ರಲ್ಲಿ ಪೋರ್ಷೆ ಫುಟ್‌ವರ್ಕ್ ಎಂಬ ಫಾರ್ಮುಲಾ ಒನ್ ತಂಡಕ್ಕೆ ಹನ್ನೆರಡು ಸಿಲಿಂಡರುಗಳ ಹೊಚ್ಚಹೊಸ ಯಂತ್ರ ಒದಗಿಸಿತು. ಯಂತ್ರ ಭಾರವಾಗಿತ್ತು; ಒಂದು ಅಂಕವೂ ದೊರೆಯಲಿಲ್ಲ; ಋತುವಿನ ನಡುವೆಯೇ ತಂಡವು ಬೇರೆ ಯಂತ್ರಕ್ಕೆ ಮೊರೆಹೋಯಿತು. ಆ ಯಂತ್ರಕ್ಕೆ ರಸ್ತೆ ಕಾರಿನ ಆಧಾರವೂ ಇರಲಿಲ್ಲ, ವೆಚ್ಚ ಹಂಚಿಕೊಳ್ಳುವ ಬೇರೆ ಗ್ರಾಹಕರೂ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಆರಂಭವಾದ ಕಪ್ ಸರಣಿಯು, 1990ರ ದಶಕದ ಆರಂಭದಲ್ಲಿ ಕಂಪನಿಯ ಮಾರಾಟ ಕುಸಿದು ನಷ್ಟದಲ್ಲಿದ್ದ ಕಾಲವನ್ನೂ ದಾಟಿ ಉಳಿಯಿತು. ಒಂದೇ ಕಂಪನಿ, ಒಂದೇ ಕಾಲ, ಎರಡು ಯೋಜನೆಗಳು. ಒಂದು ಸತ್ತಿತು, ಇನ್ನೊಂದು ಬದುಕಿತು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಪಂದ್ಯದ ಕಾರು ಕೊಂಡ ಗ್ರಾಹಕನು ನಿಯಮಗಳ ದಾಸನಾಗುತ್ತಾನೆ. ಹೊಸ ಆವೃತ್ತಿ ಬಂದೊಡನೆ ಹಳೆಯದರ ಬೆಲೆ ಕುಸಿಯುತ್ತದೆ. ನಾಲ್ಕು ವರ್ಷಗಳಲ್ಲಿ ಬೆಲೆ ಲಕ್ಷ ಯೂರೊಗಿಂತ ಹೆಚ್ಚು ಏರಿದರೆ ಸಣ್ಣ ತಂಡಗಳು ಉಳಿಯುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಡಿಭಾಗದ ಖರ್ಚು ತಗ್ಗಿಸುವ ಪ್ರಯತ್ನವನ್ನು ಮೆಚ್ಚುತ್ತಲೇ, ಮೂಲ ಬೆಲೆಯ ಏರಿಕೆ ಈ ವ್ಯಾಪಾರದ ಬುಡವನ್ನೇ ಅಲುಗಾಡಿಸಬಲ್ಲದೆಂದು ಹೇಳಬೇಕಾಗುತ್ತದೆ. ಗ್ರಾಹಕನ ಲೆಕ್ಕ ಕೂಡದಿದ್ದರೆ ತಯಾರಕನ ಲೆಕ್ಕವೂ ಬಹುಕಾಲ ಕೂಡದು.

ಸಣ್ಣ ಘಟಕದ ಲೆಕ್ಕ

ಕರ್ನಾಟಕಕ್ಕೂ ಈ ಬಗೆಯ ಪ್ರಯೋಗ ತೀರಾ ಹೊರಗಿನದಲ್ಲ. ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೋಟಾ ಎಟಿಯೋಸ್ ಎಂಬ ಸಾಮಾನ್ಯ ಕುಟುಂಬದ ಕಾರನ್ನು 2010ರ ದಶಕದಲ್ಲಿ ಪಂದ್ಯಕ್ಕೆ ಅಣಿಗೊಳಿಸಿ ಏಕಮಾದರಿ ಸರಣಿ ನಡೆಸಲಾಗಿತ್ತು. ಆದರೆ ಇಲ್ಲಿನ ಹೆಚ್ಚಿನ ಉದ್ಯಮಿಗಳಿಗೆ ಪಾಠ ಬೇಕಾಗಿರುವುದು ಕಾರಿನ ವಿಷಯದಲ್ಲಿ ಅಲ್ಲ, 'ವಿಶೇಷ ಆರ್ಡರಿನ' ವಿಷಯದಲ್ಲಿ.

ನೀರೆತ್ತುವ ಪಂಪು ತಯಾರಿಸುವ ಸಣ್ಣ ಘಟಕವೊಂದಕ್ಕೆ, ರಾಸಾಯನಿಕ ಕಾರ್ಖಾನೆಗಳಿಗೆ ಹೊಂದುವ ಸ್ಟೇನ್‌ಲೆಸ್ ಸ್ಟೀಲಿನ 100 ಪಂಪುಗಳ ಬೇಡಿಕೆ ಬಂದಿದೆ ಎಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮಾರಾಟ ಬೆಲೆ 18,000 ರೂಪಾಯಿ. ಕಚ್ಚಾ ಸಾಮಗ್ರಿ, ಕೂಲಿ ಮುಂತಾದ ನೇರ ವೆಚ್ಚ 13,000 ರೂಪಾಯಿ. ಪ್ರತಿ ಪಂಪಿಗೆ ಉಳಿಯುವುದು 5,000 ರೂಪಾಯಿ. 100 ಪಂಪುಗಳಿಗೆ 5 ಲಕ್ಷ ರೂಪಾಯಿ ಲಾಭವೆಂದು ಮಾಲೀಕನು ಸಂತೋಷಪಡುತ್ತಾನೆ. ಆದರೆ ಹೊಸ ಪ್ಯಾಟರ್ನುಗಳು, ತಿರಸ್ಕೃತವಾದ ಎರಕಗಳು, ಪರೀಕ್ಷೆಗಳು, ಎಂಜಿನಿಯರನ ನಾಲ್ಕು ತಿಂಗಳ ಸಂಬಳ ಇವೆಲ್ಲ ಸೇರಿ 12 ಲಕ್ಷ ರೂಪಾಯಿ ಖರ್ಚಾಗಿದ್ದರೆ, 240 ಪಂಪು ಮಾರಾಟವಾದ ನಂತರವಷ್ಟೇ ಅಸಲು ಹುಟ್ಟುತ್ತದೆ. 100ಕ್ಕೇ ನಿಂತರೆ 7 ಲಕ್ಷ ರೂಪಾಯಿ ನಷ್ಟ. ಆ ನಷ್ಟ ಎಲ್ಲಿಯೂ ಪ್ರತ್ಯೇಕವಾಗಿ ಕಾಣಿಸದೆ ಸಂಬಳ, ಸಾಮಗ್ರಿ, ರಿಪೇರಿ ಖಾತೆಗಳಲ್ಲಿ ಕರಗಿಹೋಗುತ್ತದೆ. ವರ್ಷದ ಕೊನೆಯಲ್ಲಿ ಮಾರಾಟ ಏರಿದ್ದರೂ ಕೈಯಲ್ಲಿ ಹಣವೇಕೆ ಇಲ್ಲ ಎಂದು ಮಾಲೀಕನು ಚಕಿತನಾಗುತ್ತಾನೆ.

ಈಗ ಪೋರ್ಷೆಯ ಕ್ರಮವನ್ನು ಇದಕ್ಕೆ ಅನ್ವಯಿಸಬಹುದು. ಸೀಲು, ಬೇರಿಂಗು, ಇಂಪೆಲ್ಲರು ಮುಂತಾದ ಬಿಡಿಭಾಗಗಳಿಂದ ಪ್ರತಿ ಪಂಪಿಗೆ ವರ್ಷಕ್ಕೆ 1,000 ರೂಪಾಯಿಯಂತೆ ಮೂರು ವರ್ಷ ಉಳಿತಾಯ ಬಂದರೆ, ಒಂದು ಪಂಪಿನಿಂದ ದೊರೆಯುವುದು 5,000 ಅಲ್ಲ, 8,000 ರೂಪಾಯಿ. ಆಗ 150 ಪಂಪುಗಳಲ್ಲಿ ಅಸಲು ಹುಟ್ಟುತ್ತದೆ. ಮೋಟಾರು, ಶಾಫ್ಟು, ತಳಹಲಗೆಗಳನ್ನು ಹಳೆಯ ಮಾದರಿಯಿಂದಲೇ ಉಳಿಸಿಕೊಂಡು, ದ್ರವ ತಾಗುವ ಭಾಗಗಳನ್ನಷ್ಟೇ ಬದಲಿಸಿ, ಅಭಿವೃದ್ಧಿ ವೆಚ್ಚವನ್ನು 8 ಲಕ್ಷ ರೂಪಾಯಿಗೆ ಇಳಿಸಿದರೆ, ಕೈಯಲ್ಲಿರುವ 100 ಪಂಪುಗಳ ಆರ್ಡರಿನಲ್ಲಿಯೇ ಲೆಕ್ಕ ಸರಿಹೋಗುತ್ತದೆ. ಸರಕು ಅದೇ, ಬೆಲೆ ಅದೇ, ಗಿರಾಕಿ ಅವನೇ. ಆದರೂ ನಷ್ಟದ ಜಾಗದಲ್ಲಿ ಸಮತೋಲ ಬಂದಿದೆ.

ಲೆಕ್ಕಪತ್ರದ ನಿಯಮವೂ ಇದೇ ವಿವೇಕವನ್ನು ಬೇಡುತ್ತದೆ. ಅಗೋಚರ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನೆಯ ಹಂತದ ಖರ್ಚನ್ನು ಆಯಾ ವರ್ಷವೇ ಲಾಭ-ನಷ್ಟದ ಲೆಕ್ಕಕ್ಕೆ ಹಾಕಬೇಕು. ಅಭಿವೃದ್ಧಿ ಹಂತದ ಖರ್ಚನ್ನು ಆಸ್ತಿಯೆಂದು ತೋರಿಸಬೇಕಾದರೆ, ಸರಕು ತಾಂತ್ರಿಕವಾಗಿ ಸಾಧ್ಯವೇ, ಅದನ್ನು ಪೂರ್ಣಗೊಳಿಸಿ ಮಾರುವ ಉದ್ದೇಶ ಮತ್ತು ಶಕ್ತಿ ಇದೆಯೇ, ಅದರಿಂದ ಮುಂದೆ ಆದಾಯ ಬರುವುದೇ, ಪೂರ್ಣಗೊಳಿಸಲು ಸಂಪನ್ಮೂಲವಿದೆಯೇ, ವೆಚ್ಚವನ್ನು ನಂಬಲರ್ಹವಾಗಿ ಅಳೆಯಬಹುದೇ ಎಂಬ ಪ್ರಶ್ನೆಗಳಿಗೆ ಉತ್ತರವಿರಬೇಕು. ಇವು ಲೆಕ್ಕಪರಿಶೋಧಕನಿಗೆ ಹೇಳಬೇಕಾದ ಉತ್ತರಗಳೆಂದು ಮಾಲೀಕರು ಭಾವಿಸುವುದುಂಟು. ವಾಸ್ತವವಾಗಿ ಅವು ಆರ್ಡರಿಗೆ ಒಪ್ಪುವ ಮುನ್ನ ಮಾಲೀಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ಪ್ರತ್ಯೇಕ ಖಾತೆಯನ್ನೇ ಇಡದ ಘಟಕವು ಕೊನೆಯ ಪ್ರಶ್ನೆಯಲ್ಲಿಯೇ ನಪಾಸಾಗುತ್ತದೆ.

ಆದ್ದರಿಂದ ವಿಶೇಷ ಸರಕಿಗೆ ಕೈಹಾಕುವ ಪ್ರತಿ ಘಟಕವೂ ಕೆಲವು ಕ್ರಮಗಳನ್ನು ರೂಢಿಸಿಕೊಳ್ಳಬೇಕು. ಮೊದಲ ದಿನದಿಂದಲೇ ಆ ಯೋಜನೆಗೆ ಪ್ರತ್ಯೇಕ ಖಾತೆ ತೆರೆಯಬೇಕು. ನಿತ್ಯದ ಸರಕಿನಿಂದ ಎಷ್ಟು ಭಾಗಗಳನ್ನು ಎರವಲು ಪಡೆಯಬಹುದೆಂಬ ಪಟ್ಟಿಯನ್ನು ವಿನ್ಯಾಸ ಆರಂಭಿಸುವ ಮುನ್ನವೇ ಮಾಡಬೇಕು. ಅಭಿವೃದ್ಧಿ ವೆಚ್ಚವನ್ನೂ ಸೇರ್ಪಡೆಗಳ ದರವನ್ನೂ ದರಪಟ್ಟಿಯಲ್ಲಿ ಬೇರೆಬೇರೆಯಾಗಿ ತೋರಿಸಬೇಕು; ಗಿರಾಕಿ ಚೌಕಾಸಿ ಮಾಡಿದರೂ ಏನನ್ನು ಬಿಟ್ಟುಕೊಡುತ್ತಿದ್ದೇವೆಂಬುದು ಆಗ ತಿಳಿದಿರುತ್ತದೆ. ಬಿಡಿಭಾಗ ಮತ್ತು ಸೇವೆಯ ಒಪ್ಪಂದವನ್ನು ಮಾರಾಟದ ದಿನವೇ ಮಾತಾಡಬೇಕು. ಒಬ್ಬನೇ ಗಿರಾಕಿಗೆ ಅಥವಾ ಒಂದೇ ಸರ್ಕಾರಿ ನಿಯಮಕ್ಕೆ ಇಡೀ ಯೋಜನೆಯನ್ನು ಕಟ್ಟಿಹಾಕಿದರೆ, ನಿಯಮ ಬದಲಾದ ದಿನ 917ರ ಗತಿಯೇ ಒದಗೀತು ಎಂಬ ಎಚ್ಚರವಿರಬೇಕು.

55 ಪಂದ್ಯದ ಕಾರುಗಳಿಗೆ ಸಂದ ಕೀರ್ತಿಯ ವೆಚ್ಚವನ್ನು ಬಹುಪಾಲು ಹೊತ್ತದ್ದು 1,308 ಟೂರಿಂಗ್ ಕಾರುಗಳು. ಪ್ರತಿಯೊಂದು ಘಟಕದಲ್ಲಿಯೂ ಹೀಗೆ ಸದ್ದಿಲ್ಲದೆ ಭಾರ ಹೊರುವ ನಿತ್ಯದ ಸರಕೊಂದು ಇರುತ್ತದೆ. ವಿಶೇಷ ಆರ್ಡರಿನ ಸಂಭ್ರಮದಲ್ಲಿ ಅದರ ಗಿರಾಕಿಯನ್ನು ಕಾಯಿಸುವುದು, ಅದರ ಗುಣಮಟ್ಟವನ್ನು ಸಡಿಲಿಸುವುದು ಕೂತ ಕೊಂಬೆಯನ್ನೇ ಕಡಿದಂತೆ. ಹೊಸದನ್ನು ಮಾಡುವ ಧೈರ್ಯ ಉದ್ಯಮಿಗೆ ಬೇಕೇ ಬೇಕು. ಆ ಧೈರ್ಯದ ಖರ್ಚು ಯಾವ ಖಾತೆಯಲ್ಲಿದೆ, ಅದನ್ನು ತೀರಿಸುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೈಯಲ್ಲಿಟ್ಟುಕೊಂಡು ಮುಂದಡಿಯಿಡುವುದು ಕ್ಷೇಮ.